ರೇಣುಕಾ ಮೇಡಂ ಕೈತಪ್ಪಿದ ಆಟದ ಪೀರಿಯಡ್ಡು

ಹಾರನಹಳ್ಳಿ ಕಡೆಯ ಆ ಹೈಸ್ಕೂಲಿಗೆ ರೇಣುಕಾ ದೈಹಿಕ ಶಿಕ್ಷಕಿಯಾಗಿ ಬಂದ ಕಾಲದಲ್ಲಿ ಆಟದ ಪೀರಿಯಡ್ ಎಂದರೆ ಗಂಡುಹುಡುಗರಿಗೆ ಒಂದು ಚೆಂಡು, ಹೆಣ್ಣುಮಕ್ಕಳಿಗೆ ಹೊಂಗೆ ಮರದ ನೆರಳು. ಬೆಳಿಗ್ಗೆ ಎಲ್ಲರಿಗೂ ಡ್ರಿಲ್ ಇರುತ್ತಿತ್ತು. ಕೈ ಮೇಲೆ, ಕೈ ಪಕ್ಕಕ್ಕೆ, ತಪ್ಪಿದವರ ಮೀನಖಂಡಕ್ಕೆ ಬೆತ್ತ. ಮಧ್ಯಾಹ್ನ ಹುಡುಗರು ಚೆಂಡಿನ ಹಿಂದೆ ಓಡಿದರೆ ಹುಡುಗಿಯರು ಮೈದಾನದ ಕಳೆ ಕೀಳಬೇಕು, ಗಿಡಕ್ಕೆ ನೀರು ಹೊಯ್ಯಬೇಕು, ಇಲ್ಲವೇ ಕಸೂತಿ ಹಿಡಿದು ಕೂರಬೇಕು.

ರೇಣುಕಾ ಸುಣ್ಣದ ಪುಡಿ ತರಿಸಿ ಖೋ ಖೋ ಅಂಕಣ ಎಳೆದಳು. ಲಂಗದೊಳಗೆ ಅಣ್ಣತಮ್ಮಂದಿರ ಚಡ್ಡಿ ಹಾಕಿಕೊಂಡು ಬನ್ನಿ ಎಂದು ಹುಡುಗಿಯರಿಗೆ ಹೇಳಿದಳು. ವಾರ ತುಂಬುವುದರೊಳಗೆ ಊರಿನ ರೈತ ಹೆಂಗಸು ಕುಳ್ಳಮ್ಮ, ಮಗಳು ಮಾದೇವಿ ಆಡುತ್ತಿದ್ದ ಮೈದಾನಕ್ಕೇ ಬಂದು ನಿಂತಳು.

"ಏನ್ ಮೇಡಮ್ಮೋರೆ, ನಾಳೆ ಮದ್ವೆ ಮಾಡೋ ಎಣ್ಮಗೀನ ಇಂಗೆ ಓಡುಸ್ತೀರಲ್ಲ. ನೋಡ್ದೋರು ಏನಂದಾರು?"

"ಬೇರೆಯೋರು ಏನಾದ್ರೂ ಅನ್ಕೊಳ್ಲಿ. ಮೊದ್ಲು ನೀವು ನೋಡಿ ಕುಳ್ಳಮ್ಮ."

ಕುಳ್ಳಮ್ಮ ಮುಖ ಗಂಟಿಕ್ಕಿಕೊಂಡೇ ಬೇಲಿಯ ಪಕ್ಕ ಕುಕ್ಕರಿಸಿದಳು. ಮಾದೇವಿ ಅಂಕಣದ ತುದಿಯ ಕಂಬ ಸುತ್ತಿ, ಅಟ್ಟಿಸಿಕೊಂಡು ಬಂದವಳ ಕೈಯಿಂದ ಮೀನಿನಂತೆ ನುಣುಚಿಕೊಂಡಾಗ ಕುಳ್ಳಮ್ಮನಿಗೆ ಬಂದ ಕೆಲಸವೇ ಮರೆತುಹೋಯಿತು. "ಓಡೇ ಮಾದೇವಿ! ಅತ್ಲಾಗೆ ಓಡು ಕಣೇ!" ಎಂದು ಕೂಗಿಯೇ ಬಿಟ್ಟಳು. ಆಮೇಲೆ ನಾಚಿಕೊಂಡು ಸೆರಗು ಕೊಡವಿ ಎದ್ದಳು. "ಕತ್ಲಾಗಕ್ ಮುಂಚೆ ಕಳ್ಸ್ಬುಡಿ ಮೇಡಮ್ಮೋರೆ," ಎಂದಷ್ಟೇ ಹೇಳಿ ಹೋದಳು.

ಆ ವರ್ಷ ತಾಲ್ಲೂಕು ಕ್ರೀಡಾಕೂಟದ ಫೈನಲ್ಲಿನಲ್ಲಿ ಹುಡುಗಿಯರು ಸೋತರು. ಸೋತವರು ಟೆಂಪೋದಲ್ಲಿ ದಾರಿಯುದ್ದಕ್ಕೂ ಹಾಡಿಕೊಂಡು ಬಂದರು, ಗಂಟಲು ಕಟ್ಟಿಹೋಗುವಷ್ಟು.

ಈಗ ರೇಣುಕಾಳಿಗೆ ನಿವೃತ್ತಿ ಹತ್ತಿರವಾಗಿದೆ. ಮಂಡಿ ನೋವಿಗೆ ಮೆಟ್ಟಿಲು ಹತ್ತುವುದೇ ಒಂದು ಕೆಲಸ. ಶೂ ಹಂಚುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುವುದು, ಮೊಟ್ಟೆ ಬೇಯಿಸುವ ಕಡೆ ಒಂದು ಕಣ್ಣಿಡುವುದು, ದಿನ ಇದರಲ್ಲೇ ಕಳೆದುಹೋಗುತ್ತದೆ. ಹತ್ತನೇ ತರಗತಿಯ ಆಟದ ಪೀರಿಯಡ್ಡು ಗಣಿತದ ಪಾಲಾಗಿದೆ. ಈ ಸೋಮವಾರ ಅವಳು ಹೆಡ್‌ಮಾಸ್ಟರ್ ನಂಜುಂಡೇಶ್ ಅವರ ಮುಂದೆ ಹೋಗಿ ಕೂತಳು.

"ಸಾರ್, ವಾರಕ್ಕೆ ಒಂದಾದ್ರೂ ಪೀರಿಯಡ್ ವಾಪಸ್ ಕೊಡಿ."

"ನನಗೂ ಕೊಡ್ಬೇಕು ಅಂತಾನೇ ಇದೆ ಮೇಡಂ. ರಿಸಲ್ಟ್ ಕಮ್ಮಿ ಆದ್ರೆ ಮೀಟಿಂಗಲ್ಲಿ ಎದ್ದು ನಿಲ್ಲೋನು ನಾನು." ಅವರ ಮುಖವೂ ಬಾಡಿತ್ತು.

ಹಿಂದಿನ ರೇಣುಕಾ ಆಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಈಗ "ಆಯ್ತು ಸಾರ್" ಎಂದು, ಮೇಜಿನ ಅಂಚು ಹಿಡಿದು ಮೇಲೆದ್ದಳು.

ಹೊರಗೆ ಜಗುಲಿಯಲ್ಲಿ ಹತ್ತನೇ ತರಗತಿಯ ಸ್ಪಂದನಾ ಕಾದಿದ್ದಳು. "ಮಿಸ್, ಸ್ಕೂಲ್ ಬುಟ್ಮೇಲೆ ಬಸ್ ಬರೋಗಂಟ ಆಡುಸ್ತೀರಾ?"

"ನನ್ ಕೈಲಿ ಓಡಕ್ಕಾಗಲ್ಲ ಕಣವ್ವ."

"ಸೀಟಿ ಊದುದ್ರೆ ಸಾಕು ಮಿಸ್."

ಸಂಜೆ ಗೆರೆಯಿಲ್ಲದ ಮೈದಾನದಲ್ಲಿ ಹುಡುಗಿಯರು ಸಾಲಾಗಿ ಕುಕ್ಕರಿಸಿದರು. ಒಂದು ಸುತ್ತು ಮುಗಿಯುವ ಮೊದಲೇ ಬಸ್ಸಿನ ಹಾರನ್ ಕೇಳಿತು. ಎಲ್ಲರೂ ಬ್ಯಾಗು ಎತ್ತಿಕೊಂಡು ಗೇಟಿನತ್ತ ಓಡಿದರು.

"ನಾಳೆ, ಮಿಸ್?" ಸ್ಪಂದನಾ ಕೂಗಿದಳು.

"ಹೂಂ," ಎಂದಳು ರೇಣುಕಾ.

ನಾಳೆ ತನಗೆ ಪಿರಿಯಾಪಟ್ಟಣದಲ್ಲಿ ಚುನಾವಣೆ ಕೆಲಸದ ತರಬೇತಿ ಇದೆ ಎಂಬುದು ಬಸ್ಸು ಹೊರಟ ಮೇಲೆ ನೆನಪಾಯಿತು.