ಮಂಗ ಒಯ್ದ ಗ್ರೀಕ್ ವೀರರು

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಬಾಗಲಕೋಟೆಯಲ್ಲಿ ಬಿ.ಎ. ಓದುತ್ತಿದ್ದೆ. ಇಂಗ್ಲಿಷ್ ಕಲಿಸುತ್ತಿದ್ದ ಸರ್ ಯಾರಿಗೂ ತಮ್ಮ ಪುಸ್ತಕ ಕೊಟ್ಟವರಲ್ಲ. ನನಗೆ ಮಾತ್ರ ಒಮ್ಮೆ ಕೊಟ್ಟರು. ಗ್ರೀಕ್ ಪುರಾಣದ ವೀರರನ್ನಿಟ್ಟುಕೊಂಡು ಹೊಸದಾಗಿ ಹೆಣೆದ ಸಾಹಸದ ಕಾದಂಬರಿ ಅದು. ಬಂಗಾರದ ಉಣ್ಣೆಯ ಟಗರಿನ ತೊಗಲು ತರಲು ಅವರೆಲ್ಲ ಒಂದೇ ಹಡಗು ಹತ್ತುತ್ತಾರೆ. ಪುರಾಣದಲ್ಲಿ ಅಂಜಿಕೆಯೇ ಅರಿಯದವರು ಇಲ್ಲಿ ಅಲೆಗೆ ಹೆದರಿ ವಾಂತಿ ಮಾಡಿಕೊಳ್ಳುತ್ತಾರೆ, ಮನೆ ನೆನೆದು ಅಳುತ್ತಾರೆ. ನನಗೆ ಅದೇ ಹಿಡಿಸಿತ್ತು.

“ಹೆಂಗ ಕೊಟ್ಟೇನಿ ಹಂಗ ತಿರುಗಿ ಬರಬೇಕು ನೋಡವಾ. ತೀರಿಹೋದ ನನ್ನ ತಮ್ಮಂದು ಅದು,” ಎಂದಿದ್ದರು ಸರ್.

ಆ ವಾರವೇ ಅಣ್ಣನ ಹೆಂಡತಿ, ನನ್ನ ವೈನಿಯ ಜೊತೆ ಅವಳ ತವರು ಚೊಳಚಗುಡ್ಡಕ್ಕೆ ಹೊರಟೆ. ದಾರಿಯಲ್ಲಿ ಬಾದಾಮಿಯಲ್ಲಿ ಇಳಿದು, ಕೆರೆಯ ಮೇಲಿನ ಗುಡ್ಡ ಹತ್ತಿ ಬುತ್ತಿ ಬಿಚ್ಚಿದೆವು. ಎಲ್ಲಿತ್ತೋ ಏನೋ, ಒಂದು ಗಡವ ಮಂಗ ಬಂದು ನನ್ನ ಚೀಲ ಕಸಿದು ಬಂಡೆ ಏರಿತು. ರೊಟ್ಟಿ ತೆಗೆಯಿತು, ಆಮೇಲೆ ಪುಸ್ತಕ. ಕೊನೆಯ ಪುಟಗಳನ್ನು ಕಿತ್ತು ಕಿತ್ತು ಗಾಳಿಗೆ ಬಿಟ್ಟಿತು. ನಾನು ಚಪ್ಪಲಿ ಕಳಚಿ ಹತ್ತಿಯೇಬಿಟ್ಟೆ.

“ಬ್ಯಾಡವಾ, ಇಳಿ! ಇಳಿ ಅಂತೇನಿ!” ವೈನಿ ಕೆಳಗಿನಿಂದ ಚೀರುತ್ತಿದ್ದಳು.

ಮಂಗ ಪುಸ್ತಕ ಎಸೆದು ಓಡಿತು. ಅದು ಬಿದ್ದ ಚಾಚುಗಲ್ಲಿಗೆ ತಲುಪಿ ಎತ್ತಿಕೊಂಡೆ. ತಿರುಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ಹತ್ತುವಾಗ ಹಿಡಿದಿದ್ದ ಕಲ್ಲು ಕಿತ್ತು ಉರುಳಿಹೋಗಿತ್ತು. ಪಾದದಡಿ ಗೇಣಗಲ ಕಲ್ಲು, ಆಚೆಗೆ ಬರೀ ಗಾಳಿ. ಮಧ್ಯಾಹ್ನದ ಬಿಸಿಲಿಗೆ ಬಂಡೆ ಕೆಂಡವಾಗಿತ್ತು, ಅಂಗೈ ಬೆವತು ಜಾರುತ್ತಿತ್ತು. ಆ ಹೊತ್ತಿನಲ್ಲಿ ಕಾದಂಬರಿಯ ಒಬ್ಬ ವೀರನೂ ನೆನಪಿಗೆ ಬರಲಿಲ್ಲ. ಅವ್ವ ನೆನಪಾದಳು.

ವೈನಿಯ ಕೂಗು ಕೇಳಿ ಮೇಲುಗಡೆಯಿಂದ ಒಬ್ಬ ಮುದುಕ ಬಗ್ಗಿದ. ಕುರಿ ಕಾಯುತ್ತಿದ್ದವನು, ಹಣೆ ತುಂಬ ದೇವರ ಭಂಡಾರದ ಅರಿಶಿನ.

“ಕೆಳಗ ನೋಡಬ್ಯಾಡ ತಂಗಿ. ನನ್ನ ಮಾರಿ ನೋಡು,” ಎಂದ. ಹೊಟ್ಟೆಯ ಮೇಲೆ ಮಲಗಿ, ಕಂಬಳಿಯನ್ನು ಹುರಿ ಹಾಕಿ ಇಳಿಬಿಟ್ಟ. “ಎರಡೂ ಕೈಲೆ ಹಿಡಿ.”

“ಕೈಯಾಗ ಪುಸ್ತಕ ಐತ್ರಿ.”

“ಒಗಿ ಅದನ್ನ!”

ಒಗೆಯಲಿಲ್ಲ. ಸೆರಗಿನೊಳಗೆ ತುರುಕಿ ನಡುವಿಗೆ ಸಿಕ್ಕಿಸಿದೆ. ಕಂಬಳಿಗೆಂದು ಬಂಡೆ ಬಿಟ್ಟ ಆ ಗಳಿಗೆಯಲ್ಲಿ ಮೈ ಹೊರಕ್ಕೆ ವಾಲಿತು. ಕಂಬಳಿ ಸಿಕ್ಕಿತು. ಮೊಣಕೈ ಸುಲಿದು ರಕ್ತ ಬಂದರೂ ಬಿಡಲಿಲ್ಲ. ತನ್ನ ಕುಲದೇವರು ಬೀರಪ್ಪನ ಹೆಸರು ಕೂಗುತ್ತ ಅವನು ನನ್ನನ್ನು ಮೇಲಕ್ಕೆಳೆದುಕೊಂಡ. ಇಬ್ಬರೂ ಬಹಳ ಹೊತ್ತು ಏದುಸಿರು ಬಿಡುತ್ತ ಕೂತೆವು.

“ಅಂಥಾದ್ದೇನೈತಿ ಅದರಾಗ?” ಎಂದು ಕೇಳಿದ. ಕಥೆ ಹೇಳಿದೆ.

“ಒಂದ ಕುರಿ ತೊಗಲಿಗೆ ಅಷ್ಟ ಮಂದಿ ಹ್ವಾದ್ರಾ? ಆ ಕುರಿ ಏನಾತು?”

“ಅದನ್ನ ಮೊದಲೇ ದೇವರಿಗೆ ಬಲಿ ಕೊಟ್ಟಿದ್ರು.”

“ಪಾಪ,” ಎಂದವನು ಕಂಬಳಿ ಕೊಡವಿಕೊಂಡು ತನ್ನ ಕುರಿಗಳ ಕಡೆ ನಡೆದ. ಅಷ್ಟರಲ್ಲಿ ವೈನಿ ಸುತ್ತುದಾರಿ ಹತ್ತಿ ಬಂದು ನನ್ನ ಬೆನ್ನಿಗೆ ಎರಡು ಗುದ್ದಿ, ಅಪ್ಪಿಕೊಂಡು ಅತ್ತಳು.

ಸೋಮವಾರ ಸರ್ ಮನೆಗೆ ಹೋದೆ. ಗುಡ್ಡದಲ್ಲಿರದಷ್ಟು ಭಯ ಆ ಮೆಟ್ಟಿಲ ಮೇಲಿತ್ತು. ಅವರು ಪುಸ್ತಕ ತೆರೆದು ಹರಿದ ಜಾಗಕ್ಕೆ ಬೆರಳಿಟ್ಟರು. ನಡೆದದ್ದೆಲ್ಲ ಹೇಳಿದೆ.

“ಇದರ ಸಲುವಾಗಿ ಬಂಡೆಗಲ್ಲು ಹತ್ತಿದ್ಯಾ? ಸತ್ತಿದ್ರ?” ಅವರ ದನಿಗೆ ಹೆಂಡತಿ ಒಳಗಿನಿಂದ ಓಡಿಬಂದರು. ಸರ್ ಕುರ್ಚಿಯಲ್ಲಿ ಕುಸಿದರು, ಪುಸ್ತಕ ತೊಡೆಯ ಮೇಲೆ. ಹೊರಗೆ ಹಾಕುತ್ತಾರೆ ಎಂದುಕೊಂಡೆ.

“ಇನ್ನ ಮ್ಯಾಲೆ ಪುಸ್ತಕ ಮನಿ ದಾಟಂಗಿಲ್ಲ,” ಎಂದರು ಕೊನೆಗೆ. “ಓದೂದಿದ್ರ ಇಲ್ಲೇ ಬಂದು ಓದು.”

ಎರಡು ವರ್ಷ ನನ್ನ ಭಾನುವಾರಗಳು ಅವರ ಪಡಸಾಲೆಯಲ್ಲೇ ಕಳೆದವು. ಅವರ ಹೆಂಡತಿ ಅವಲಕ್ಕಿ ತಂದಿಟ್ಟು, ಪುಟಕ್ಕೆ ಎಣ್ಣೆ ಕೈ ಹತ್ತೀತೆಂದು ಎದುರಿಗೇ ಕೂತು ಕಾಯುತ್ತಿದ್ದರು.