ನಿಲ್ಸಕ್ಕನನ್ನು ನಿಲ್ಲಿಸಿದ ಕೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಹಿಂಬದಿಯ ವರ್ಕ್‌ಶಾಪಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಯಂತ್ರದ ಮುಂದೆ ಬಗ್ಗಿ, ನಿನ್ನೆಯ ಕಬ್ಬಿಣದ ಸುರುಳಿಗಳನ್ನು ಬ್ರಷ್ಷಿನಿಂದ ಗುಡಿಸುತ್ತಿದ್ದಾರೆ. ಬೆರಳಲ್ಲಿ ಉಂಗುರವಿಲ್ಲ, ಕೈಯಲ್ಲಿ ವಾಚಿಲ್ಲ, ಅಂಗಿಯ ತೋಳು ಮೊಣಕೈವರೆಗೆ ಮಡಚಿದೆ. ನಾನು ಹೊಸಿಲು ದಾಟಿದ್ದೇ ತಡ, ತಲೆಯೆತ್ತದೆ "ನಿಲ್ಲಿ!" ಎಂದು ಕೂಗುತ್ತಾರೆ. ನಾನು ಅಲ್ಲೇ ನಿಲ್ಲುತ್ತೇನೆ.

"ಕೊರಳಲ್ಲಿರೋ ಶಾಲು ತೆಗೆದು ಬನ್ನಿ. ನೀವು ಪೇಪರ್‌ನೋರು ಅಂತ ಮಿಷನ್ನಿಗೆ ಗೊತ್ತಾಗಲ್ಲ."

ವರ್ಕ್‌ಶಾಪಿನಲ್ಲಿ ಕೆಲಸ ಕಲಿಸುವ ಇವರು ಇಡೀ ಕಾಲೇಜಿಗೆ ನಿಲ್ಸಕ್ಕ. ಮಾತಿಗೊಮ್ಮೆ 'ನಿಲ್ಸು, ನಿಲ್ಸು' ಎನ್ನುವುದರಿಂದ ಅಂಟಿಕೊಂಡ ಹೆಸರು. ಮನೆಯಲ್ಲೂ ಹೀಗೇನಾ ಎಂದರೆ ನಗುತ್ತಾರೆ. "ನಮ್ಮನೆಯೋರು ಫ್ಯಾನ್ ಹಾಕೋಕೂ ಒಂದ್ಸಲ ನನ್ನ ಮುಖ ನೋಡ್ತಾರೆ."

ವಿನ್ಯಾಸದ ಕೋರ್ಸಿಗೆ ಸೇರಿದ ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ಬರೆದ ನಕ್ಷೆ ಹಿಡಿದು ಇಲ್ಲಿಗೆ ಬರುತ್ತಾರೆ. ಅದನ್ನು ಕಬ್ಬಿಣದಲ್ಲಿ ತಮ್ಮ ಕೈಯಾರೆ ಮಾಡಿ ತೋರಿಸಬೇಕು. ಒಂದು ಯಂತ್ರಕ್ಕೆ ನಾಲ್ವರು. ಒಬ್ಬರು ಸರಳನ್ನು ಯಂತ್ರಕ್ಕೆ ಬಿಗಿಯಬೇಕು, ಒಬ್ಬರು ಕೊರೆಯಬೇಕು, ಒಬ್ಬರು ಅಳೆಯಬೇಕು. ನಾಲ್ಕನೆಯವರು ಏನೂ ಮಾಡುವಂತಿಲ್ಲ. ಕೈಕಟ್ಟಿ ನಿಂತು ನೋಡಬೇಕು, ತಪ್ಪು ಕಂಡರೆ ಗಂಟಲು ಹರಿಯುವ ಹಾಗೆ "ನಿಲ್ಸಿ" ಎನ್ನಬೇಕು. ಅವರಿಗೆ ಇಲ್ಲಿ 'ಕಾವಲು' ಎಂದು ಹೆಸರು. ಸರದಿಯ ಮೇಲೆ ಎಲ್ಲರೂ ಕಾವಲು ಆಗಲೇಬೇಕು. ಇದೇನು ಸುಲಭದ ಕೆಲಸ ಎಂದುಕೊಂಡೆ. ಇದೇ ಎಲ್ಲಕ್ಕಿಂತ ಕಷ್ಟವಂತೆ.

ಕಾರಣವನ್ನು ಅಕ್ಕನೇ ಬಿಡಿಸಿ ಹೇಳಿದರು. ಲೇತ್ ಎಂದರೆ ಕಬ್ಬಿಣದ ಸರಳನ್ನು ಗಿರಗಿರ ತಿರುಗಿಸಿ ಉಳಿ ತಾಗಿಸಿ ಕೆತ್ತುವ ಯಂತ್ರ. ಸರಳನ್ನು ಕಚ್ಚಿ ಹಿಡಿಯುವ ದವಡೆಯನ್ನು ಬಿಗಿ ಮಾಡಲು ಗೇಣುದ್ದದ ಒಂದು ಕೀಲಿ ಇರುತ್ತದೆ. ಬಿಗಿ ಮಾಡಿದ ಮೇಲೆ ಅದನ್ನು ಕಿತ್ತುಕೊಳ್ಳಲು ಮರೆತು ಸ್ವಿಚ್ ಹಾಕಿದರೆ ಕೀಲಿ ಗುಂಡಿನ ಹಾಗೆ ಹಾರುತ್ತದೆ.

"ನಂಗೆ ಕಾರ್ಖಾನೇಲಿ ಕೆಲಸ ಕಲಿಸಿದ್ದು ನಮ್ ಭಾವ. ಒಂದಿನ ಅವ್ರು ಕೀಲಿ ಮರೆತ್ರು. ನಾನು ನೋಡ್ದೆ. ಅಷ್ಟು ದೊಡ್ಡೋರಿಗೆ ಹೇಳೋಕೆ ನಾನ್ಯಾರು ಅಂತ ಒಂದು ಕ್ಷಣ ಬಾಯಿ ಕಟ್ಕೊಂಡೆ. ಅಷ್ಟರಲ್ಲಿ ಸ್ವಿಚ್ ಹಾಕಿಬಿಟ್ರು." ಭಾವನ ಬಲಗಣ್ಣು ಹೋಯಿತು. "ನಮ್ಮಕ್ಕ ನಂಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಹಾಗಾಗಿ ಕೋರ್ಸಿನ ಕೊನೆಗೆ ನಿಲ್ಸಕ್ಕ ಒಂದು ವಿಚಿತ್ರ ಪರೀಕ್ಷೆ ಇಡುತ್ತಾರೆ. ಗೋಡೆಯ ಮೇಲಿನ ಮೇನ್ ಸ್ವಿಚ್ ಆರಿಸಿ, ಯಂತ್ರದ ಮುಂದೆ ನಿಂತು ಬೇಕಂತಲೇ ತಪ್ಪು ಮಾಡುತ್ತಾ ಹೋಗುತ್ತಾರೆ. ಕಾವಲು ನಿಂತವರು ಕೂಗಿ ಅವರನ್ನು ತಡೆಯಬೇಕು. ಕೂಗದಿದ್ದರೆ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಪಾಸಿಲ್ಲ.

ಇವತ್ತು ಕೊನೆಯ ದಿನ. ಉಳಿದಿರುವುದು ಒಬ್ಬಳೇ ಹುಡುಗಿ. ಜೊತೆಯವರು ಅವಳಿಗಿಟ್ಟ ಹೆಸರು ಸೈಲೆಂಟ್. ಅವಳ ತಂಡ ಮಾಡುತ್ತಿರುವುದು ಮೆಟ್ಟಿಲು ಹತ್ತುವ ತಳ್ಳುಗಾಡಿ, ಅದರ ನಕ್ಷೆ ಅವಳದೇ. ಆದರೆ ಎರಡು ಸಲ ಪರೀಕ್ಷೆಗೆ ನಿಂತು, ತಪ್ಪು ಕಂಡೂ "ಅಕ್ಕಾ... ಅದೂ..." ಎಂದು ಗೊಣಗಿ ಫೇಲಾಗಿದ್ದಾಳೆ. ಇವತ್ತೂ ಕೂಗದಿದ್ದರೆ ಇಡೀ ಕೋರ್ಸು ಮುಂದಿನ ವರ್ಷ ಮತ್ತೆ ಮೊದಲಿನಿಂದ.

"ಮನೇಲಿ ದೊಡ್ಡೋರಿಗೆ ಎದುರಾಡಿ ಅಭ್ಯಾಸ ಇಲ್ಲ. ಕಣ್ಣಿಗೆ ಕಾಣತ್ತೆ, ಗಂಟಲಿಂದ ಆಚೆ ಬರಲ್ಲ" ಎಂದು ಅವಳು ನನಗೆ ಹೇಳಿದ್ದೂ ಪಿಸುಮಾತಿನಲ್ಲೇ.

ಪರೀಕ್ಷೆಗೆ ಮುಂಚೆ ಗಾಡಿಯದೊಂದು ರಗಳೆ ತೀರಬೇಕಿತ್ತು. ಚಕ್ರ ಪೋಣಿಸುವ ಅಚ್ಚಿನ ಹೊಣೆ ಇಬ್ಬರದು, ಚಕ್ರಕ್ಕೆ ತೂತು ಕೊರೆಯುವ ಹೊಣೆ ಇನ್ನಿಬ್ಬರದು. ಎರಡೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಅಳತೆ. ಹಾಗಾಗಿಯೇ ಅಚ್ಚು ಒಳಗೆ ಹೋಗುತ್ತಿಲ್ಲ.

"ತೂರೋಕೆ ಒಂಚೂರು ಜಾಗ ಬೇಡ್ವೇನ್ರೋ? ಒಬ್ರನ್ನೊಬ್ರು ಕೇಳಿದ್ರಾ?" ಎಂದರು ಅಕ್ಕ.

"ನಾವು ನಮ್ ಪಾಲಿಂದು ಸರಿಯಾಗೇ ಮಾಡಿದೀವಿ ಅಕ್ಕಾ" ಎಂದರು ನಾಲ್ವರೂ. ಆ ತಂಡ ಒಕ್ಕೊರಲಿನಿಂದ ಮಾತಾಡಿದ್ದು ಅದೇ ಮೊದಲಂತೆ.

ಅಚ್ಚನ್ನು ಒಂಚೂರು ಸವರಿ ತೋರಿಸುತ್ತೇನೆ, ಆಮೇಲೆ ಪರೀಕ್ಷೆ ಎಂದು ಅಕ್ಕ ಲೇತಿನ ಮುಂದೆ ನಿಂತರು. ಅಚ್ಚನ್ನು ದವಡೆಗಿಟ್ಟು ಕೀಲಿ ತಿರುಗಿಸಿದರು. ಸೈಲೆಂಟ್ ಕೈಕಟ್ಟಿ ಕಾವಲು ನಿಂತಳು. ನನ್ನ ಜೊತೆ ಬಂದಿದ್ದ ಫೋಟೋಗ್ರಾಫರ್ ಎದುರಿಗೆ ಹೋಗಿ ಮಂಡಿಯೂರಿದ.

"ಅಕ್ಕಾ, ಸ್ವಲ್ಪ ಈ ಕಡೆ ನೋಡಿ. ನಗ್ತಾ ನಗ್ತಾ."

ಅಕ್ಕ ಆ ಕಡೆ ತಿರುಗಿ ನಕ್ಕರು. ಬೆರಳು ತನ್ನಷ್ಟಕ್ಕೆ ಯಂತ್ರ ಚಾಲೂ ಮಾಡುವ ಹಸಿರು ಗುಂಡಿಯತ್ತ ಹೋಯಿತು.

"ನಿಲ್ಸೀ! ಕೈ ತೆಗೀರಿ ಅಕ್ಕಾ! ಕೀಲಿ!"

ತಗಡಿನ ಚಾವಣಿ ಹಾರಿಹೋಗುವಂಥ ಕೂಗು. ಅಕ್ಕನ ಕೈ ಗುಂಡಿಯಿಂದ ಬೆರಳಂತರದಲ್ಲಿ ನಿಂತಿತು. ಮರುಕ್ಷಣ ಗೆಳೆಯರೆಲ್ಲ ಚಪ್ಪಾಳೆ ತಟ್ಟಿ "ಪಾಸ್! ಸೈಲೆಂಟ್ ಪಾಸ್!" ಎಂದು ಕುಣಿಯತೊಡಗಿದರು. ಪರೀಕ್ಷೆ ಶುರುವಾಗಿದೆಯೆಂದೇ ನಾನೂ ತಿಳಿದು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಒಬ್ಬ ಗೋಡೆಯತ್ತ ಬೆರಳು ತೋರಿಸಿದ. ಮೇನ್ ಸ್ವಿಚ್ ಆರಿಸಿರಲೇ ಇಲ್ಲ, ಅದರ ಕೆಂಪು ದೀಪ ಉರಿಯುತ್ತಿತ್ತು.

ಫೋಟೋಗ್ರಾಫರ್ ಕೀಲಿಯ ನೇರಕ್ಕೇ ಇದ್ದ. ಅವನು ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕುಸಿದು ಕೂತ. ಇದೂ ಪರೀಕ್ಷೆಯೇ ಎಂದು ಅಕ್ಕ ಒಂದು ಮಾತು ಹೇಳಿಬಿಡಲಿ, ಎಲ್ಲರ ಜೀವಕ್ಕೂ ಸಮಾಧಾನವಾಗಲಿ ಎಂದು ನನಗೆ ನಿಜವಾಗಿ ಅನ್ನಿಸಿತು.

ಅಕ್ಕ ಮೊದಲು ಮೇನ್ ಆರಿಸಿದರು. ಆಮೇಲೆ ಕೀಲಿ ಕಿತ್ತುಕೊಂಡರು.

"ಪರೀಕ್ಷೆ ಅಲ್ಲ ಕಣ್ರೋ. ಮರೆತೆ. ನಾನೇ ಮರೆತೆ."

ಸೈಲೆಂಟ್ ಬಿಕ್ಕಲು ಶುರುಮಾಡಿದಳು. "ಕ್ಷಮಿಸಿ ಅಕ್ಕಾ, ನಿಮ್ಮ ಮೇಲೆ ಕಿರುಚಿಬಿಟ್ಟೆ."

"ಕ್ಷಮೆ ಕೇಳಿದ್ಯೋ, ಫೇಲ್ ಮಾಡಿಬಿಡ್ತೀನಿ ನೋಡು" ಎಂದರು ಅಕ್ಕ. ಅವಳ ತಲೆಯನ್ನು ಎದೆಗೊತ್ತಿಕೊಂಡರು. ನಂತರ ಅಚ್ಚನ್ನು ಸವರಿದ್ದು ಹುಡುಗರೇ. ಅಕ್ಕ ಆ ದಿನ ಮತ್ತೆ ಯಂತ್ರ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತು ನೀರು ಕುಡಿದರು, ಲೋಟ ಕೆಳಗಿಟ್ಟು ಮತ್ತೆ ತುಂಬಿಸಿಕೊಂಡು ಕುಡಿದರು.

ಹೊರಡುವಾಗ ಫೋಟೋಗ್ರಾಫರ್ ಆ ಕ್ಷಣದ ಚಿತ್ರ ತೋರಿಸಿದ. ನಗುಮುಖದ ಅಕ್ಕ, ದವಡೆಯಲ್ಲೇ ಉಳಿದ ಕೀಲಿ, ಗುಂಡಿಯ ಹತ್ತಿರ ಬೆರಳು. ಮೂಲೆಯಲ್ಲಿ ಬಾಯಿ ಅಗಲಿಸಿ ಕೂಗುತ್ತಿರುವ ಹುಡುಗಿ. ಇದು ಬೇಡ, ಬೇರೆ ಹಾಕುತ್ತೇವೆ, ಈ ವಿಷಯ ಬರೆಯುವುದೂ ಇಲ್ಲ ಎಂದೆ. ಅಕ್ಕ ಸಿಟ್ಟಾದರು.

"ಯಾಕೆ ಬೇಡ? ನಾನು ತಪ್ಪು ಮಾಡಿದ್ದು ಬರೀದಿದ್ರೆ ಅವಳು ಏನು ಮಾಡಿದ್ಲು ಅಂತ ಜನಕ್ಕೆ ಹೇಗೆ ಗೊತ್ತಾಗತ್ತೆ? ಇದೇ ಹಾಕಿ. ಜಾಗ ಸಾಲದಿದ್ರೆ ನನ್ನ ಕತ್ತರಿಸಿ, ಪರವಾಗಿಲ್ಲ. ಅವಳ ಬಾಯಿ ಮಾತ್ರ ಪೂರ್ತಿ ಕಾಣ್ಬೇಕು."