ಶಾರವ್ವ ಕಿಟಕಿಯಿಂದ ಹೇಳಿದ ಸಿನಿಮಾ

ಶಾರವ್ವನಿಗೆ ಓದು ಬರುತ್ತಿರಲಿಲ್ಲ, ಆದರೆ ಕೋರ್ಟು ಬರುತ್ತಿತ್ತು. ಅಬಲೂರಿನಲ್ಲಿ ಹುಟ್ಟಿ ನಮ್ಮ ದುಂಡಸಿಯ ಕೇರಿಗೆ ಸೊಸೆಯಾಗಿ ಬಂದವಳು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಅವಳ ಗಂಡ ಗುತ್ತೆಪ್ಪನ ಮೇಲೆ ಕಳವಿನ ಕೇಸು ಬಿತ್ತು. ಅಲ್ಲಿಂದ ಎರಡು ವರ್ಷ ಅವಳು ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ನಡಿಗೆ. ಕೋರ್ಟಿನೊಳಗೆ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಕುಳಿತು, ಗಂಡನ ಕೇಸಿನ ಜೊತೆಗೆ ಬದುವಿನ ಜಗಳ, ಹೊಡೆದಾಟ, ಜೀವನಾಂಶ ಎಲ್ಲವನ್ನೂ ಕೇಳಿದಳು. ಯಾವ ಮಾತಿಗೆ ವಕೀಲ ಎದ್ದು ನಿಲ್ಲುತ್ತಾನೆ, ಜಡ್ಜ್ ಸಾಹೇಬರ ಪೆನ್ನು ಯಾವಾಗ ತಡೆಯುತ್ತದೆ, ಸುಳ್ಳು ಸಾಕ್ಷಿಯವನು ಕೈ ಎಲ್ಲಿ ಇಟ್ಟುಕೊಳ್ಳುತ್ತಾನೆ, ಇವೆಲ್ಲ ಅವಳಿಗೆ ಬಾಯಿಪಾಠವಾದವು.

ಗುತ್ತೆಪ್ಪನಿಗೆ ಹದಿನಾಲ್ಕು ತಿಂಗಳು ಶಿಕ್ಷೆಯಾಯಿತು. ಕಳವಾದದ್ದು ಬಾವಿಯ ನೀರೆತ್ತುವ ಮೋಟಾರು. ಅದು ಅವನ ಮನೆಯೊಳಗೆ ಸಿಕ್ಕಿತೆಂದು ಪಂಚನಾಮೆ ಆಗಿತ್ತು. ಮಾಲು ಸಿಕ್ಕಿದ್ದನ್ನು ಕಣ್ಣಾರೆ ಕಂಡೆವೆಂದು ಊರಿನ ಇಬ್ಬರು ದೊಡ್ಡವರು ಸಹಿ ಹಾಕಿಕೊಡುವ ಕಾಗದ ಅದು. ಸಹಿ ಹಾಕಿದವರಲ್ಲಿ ಒಬ್ಬರು ಮುಂದೆ ತೀರಿಕೊಂಡರು. ಉಳಿದವರು ಪರಮೇಶಪ್ಪನವರು. ತೂಕದಲ್ಲಿ, ಮಾತಿನಲ್ಲಿ ಒಂದು ಗುಂಜಿ ಆಚೀಚೆ ಮಾಡದ ಮನುಷ್ಯ ಎಂದು ಊರೆಲ್ಲ ನಂಬಿತ್ತು. ಗುತ್ತೆಪ್ಪನ ತಾಯಿ ಅಡಿವೆವ್ವನೂ ನಂಬಿದ್ದಳು. ಮಗ ಜೈಲಿನಿಂದ ಬಂದ ದಿನ ಅವಳು ಕೇಳಿದ್ದು ಒಂದೇ ಮಾತು.

"ಪರಮೇಶಪ್ಪನಂಥಾವ್ರು ಸುಳ್ಳಿಗೆ ಸಹಿ ಹಾಕ್ತಾರೇನೋ? ಖರೇ ಹೇಳು."

ಕದ್ದಿಲ್ಲ ಎಂದು ಅವನು ಖರೆಯನ್ನೇ ಹೇಳಿದ. ಅವಳು ನಂಬಲಿಲ್ಲ. ಅಂದಿನಿಂದ ಒಂಬತ್ತು ವರ್ಷ, ಒಂದೇ ಸೂರಿನ ಕೆಳಗೆ, ತಾಯಿ ಮಗನೊಡನೆ ಮಾತಾಡಲಿಲ್ಲ. ಈಗ ಹಾಸಿಗೆ ಹಿಡಿದಿದ್ದಳು. ಅತ್ತೆ ಕಣ್ಣು ಮುಚ್ಚುವುದರೊಳಗೆ ಒಮ್ಮೆ ಮಗನ ಹೆಸರು ಹಿಡಿದು ಕರೆಯಲಿ ಎಂಬುದೊಂದೇ ಶಾರವ್ವನ ಆಸೆ. ಕೇರಿಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

ಎಂಬತ್ತಾರರಲ್ಲಿ ಪಂಚಾಯತಿ ಆಫೀಸಿಗೆ ಟಿ.ವಿ. ಬಂತು. ರವಿವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಸಿನಿಮಾ ಬರುತ್ತಿತ್ತು. ನಾವು ಒಳಗೆ ಜಮಖಾನೆಯ ಮೇಲೆ, ಪರಮೇಶಪ್ಪನವರು ಕುರ್ಚಿಯ ಮೇಲೆ, ಕೇರಿಯವರು ಹೊರಗೆ ಕಿಟಕಿಯ ಸರಳು ಹಿಡಿದು. ಯಾರೂ ಹಾಗೆ ಕೂರಿರೆಂದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಬೀಳುತ್ತಿರಲಿಲ್ಲ. ಟೇಲರ್ ನಬೀಸಾಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ.

"ಬಂತೇನ್ರೀ?"

"ಬಂತು, ಬಂತು! ಏ, ಹೋತು! ಅಲ್ಲೇ ನಿಂದ್ರಪಾ, ಉಸುರು ಸೈತ ಬಿಡಬ್ಯಾಡ!"

ಆ ರವಿವಾರದ್ದು ಮಲಯಾಳ. ಕೂಲಿಯವನೊಬ್ಬನನ್ನು ಪೊಲೀಸರು ಹಗ್ಗ ಕಟ್ಟಿ ಒಯ್ಯುತ್ತಿದ್ದರು. ಅವನ ಹೆಂಡತಿ ಹಿಂದೆ ಓಡುತ್ತಿದ್ದಳು. ಮುಂದೆ ಬರೀ ಮಾತು.

"ಬಾಯಾಗ ಬಿಸಿ ಗೆಣಸು ಇಟಗೊಂಡು ಮಾತಾಡಿದಂಗ ಆಗ್ತತಿ," ಎಂದ ಜಮಖಾನೆಯ ಮೇಲಿದ್ದ ಬಸವಣ್ಣೆಪ್ಪ. "ಯಾರಿಗರೆ ತಿಳೀತೇನ್ರಪಾ?"

"ಕೊಲಿ ಕೇಸು ಐತ್ರಿ," ಎಂದಿತು ಕಿಟಕಿಯಿಂದ ಒಂದು ದನಿ. "ಇಂವಾ ಮಾಡಿಲ್ಲ. ಇವನ ಮ್ಯಾಲೆ ಹಾಕ್ಯಾರ."

ಎಲ್ಲರೂ ನಕ್ಕರು. "ಶಾರವ್ವಾ, ನೀ ಯಾವಾಗವಾ ಮಲಯಾಳ ಕಲ್ತಿ?"

"ಭಾಷೆ ಯಾಕ ಬೇಕ್ರೀ? ಅಲ್ನೋಡ್ರಿ, ಕರಿಕೋಟಿನಾಂವ ಎದ್ದ. ಈಗ ಸಾಕ್ಷಿಯಂವನ್ನ ತಡೀತಾನ."

ತಡೆದೇಬಿಟ್ಟ. ನಗು ನಿಂತಿತು. ಅವಳು ಹೇಳುತ್ತ ಹೋದಳು. ಈತ ಸರಕಾರದ ವಕೀಲ, ಆತ ಬಡವನ ವಕೀಲ, ಅವನಿಗೆ ಮೈಯಲ್ಲಿ ಆರಾಮಿಲ್ಲ, ಅದಕ್ಕೇ ದನಿ ಏರುತ್ತಿಲ್ಲ. ಈಗ ಸಾಹೇಬರು ಕನ್ನಡಕ ತೆಗೀತಾರೆ ಅಂದಳು, ಅವರು ತೆಗೆದರು. ನಾವು ಒಮ್ಮೆ ಪರದೆ ನೋಡುವುದು, ಒಮ್ಮೆ ಕಿಟಕಿ ನೋಡುವುದು. ಕೊನೆಕೊನೆಗೆ ಕಿಟಕಿಯನ್ನೇ ನೋಡತೊಡಗಿದೆವು. ದಿನಾ ನಮ್ಮ ಹೊಲದಲ್ಲಿ ಕಳೆ ತೆಗೆಯುವ ಹೆಂಗಸು ಇವಳೇನಾ ಅನ್ನಿಸಿತು. ಸರಳುಗಳ ನಡುವೆ ಅವಳ ಮುಖದ ಅರ್ಧ ಮಾತ್ರ ಕಾಣುತ್ತಿತ್ತು. ಆ ಅರ್ಧ ಮುಖದಲ್ಲಿ ಒಂದು ಇಡೀ ಕೋರ್ಟು ತುಂಬಿತ್ತು.

ಆಗ ಪರದೆಯ ಮೇಲೆ ಕೂಲಿಯವನ ಗುಡಿಸಲು ಬಂತು. ಪೊಲೀಸರು ಒಳಗಿನಿಂದ ರಕ್ತದ ಕೊಡಲಿಯೊಂದನ್ನು ಹೊರತಂದರು. ಬಿಳಿ ಬಟ್ಟೆಯ ಇಬ್ಬರು ಹಿರಿಯರು ಅಂಗಳದಲ್ಲೇ ನಿಂತು ಕಾಗದಕ್ಕೆ ಸಹಿ ಹಾಕಿದರು.



"ಯಾಕವಾ, ಸುಮ್ನಾದಿ? ಇದೇನು, ಹೇಳು." ಎಂದ ಬಸವಣ್ಣೆಪ್ಪ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಪಂಚನಾಮೆ," ಎಂದಳು.

ಯಾರೂ ಕುರ್ಚಿಯ ಕಡೆಗೆ ತಿರುಗಲಿಲ್ಲ. ತಿರುಗದೇ ಇರುವುದೇ ದೊಡ್ಡ ಸದ್ದಾಯಿತು. ಪರಮೇಶಪ್ಪನವರೇ ಮಾತಾಡಿದರು.

"ಆ ಪಂಚರು ಒಳಗ ಹೋಗಿ ನೋಡಲಿಲ್ಲೇನವಾ?"

"ಇಲ್ರಿ ಯಜಮಾನ್ರ. ಅಂಥಾವ್ರ ಮನಿಯೊಳಗ ಇಂಥಾವ್ರು ಹೆಂಗ ಹೊಕ್ತಾರ್ರೀ? ಮೈಲಿಗಿ ಆಗೂದಿಲ್ಲೇನ್ರಿ? ಒಳಗಿಂದ ತಂದ್ವಿ ಅಂದ್ರು ಪೊಲೀಸ್ರು, ಇವ್ರು ಸಹಿ ಹಾಕಿದ್ರು. ಒಳಗ ಕಾಲಿಟ್ಟಿದ್ರ..."

ಪರಮೇಶಪ್ಪನವರು ಎದ್ದು ನಿಂತರು. ಎತ್ತರದ ಮನುಷ್ಯ. ಪರದೆಯ ಬೆಳಕು ಅವರ ಧೋತರದ ಮೇಲೆ ನಡುಗುತ್ತಿತ್ತು.

"ನಾನೂ ಹೊಕ್ಕಿದ್ದಿಲ್ಲ," ಎಂದರು. "ಅವತ್ತ ಗುತ್ತೆಪ್ಪನ ಮನಿ ಮುಂದ ಬೇವಿನ ಗಿಡದ ನೆಳ್ಳಾಗ ನಿಂತಿದ್ದೆ. ಮೋಟಾರನ್ನ ಪೊಲೀಸ್ರ ಜೀಪಿನ್ಯಾಗ ನೋಡೇನಿ. ಮನಿಯಾಗ ನೋಡಿಲ್ಲ. ಫೌಜದಾರ ಕೈಯಾಗ ಪೆನ್ನು ಕೊಟ್ಟ."

ಇಷ್ಟು ವರ್ಷ ಅದು ಸುಳ್ಳೆಂದು ಅವರಿಗೇ ಅನ್ನಿಸಿರಲಿಲ್ಲವೇನೋ. ಮಡಿ ಕಾಯ್ದುಕೊಂಡೆ ಎಂದಷ್ಟೇ ತಿಳಿದಿದ್ದರೇನೋ.

"ನನಗ ಹೇಳಬ್ಯಾಡ್ರಿ," ಎಂದಳು ಶಾರವ್ವ. "ನನಗ ಗೊತ್ತೈತಿ. ನಮ್ಮ ಅತ್ತಿಗೆ ಹೇಳ್ರಿ. ಆಕಿಗೆ ನಿಮ್ಮ ಮಾತು ಒಂದ ಖರೇ."

ಅವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಬಿಸಿಲಿಗಿಳಿದರು. ಅವರ ಹಿಂದೆ ಶಾರವ್ವ, ಅವಳ ಹಿಂದೆ ನಾವು ಎಲ್ಲರೂ. ಟಿ.ವಿ. ಖಾಲಿ ಕೋಣೆಗೆ ಮಲಯಾಳ ಮಾತಾಡುತ್ತಿತ್ತು. ಮಾಳಿಗೆಯ ಮೇಲಿಂದ ನಬೀಸಾಬ ಕೂಗಿದ: "ಎಲ್ಲಿಗ್ರೋ? ಹೋತೇನು? ತಿರುಗಸ್ಲೇನು?"

ಗುತ್ತೆಪ್ಪ ಮನೆಯ ಮುಂದೆ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಜನರನ್ನು ಕಂಡು ಗಾಬರಿಯಿಂದ ಎದ್ದ. "ಮತ್ತೇನಾತ್ರೀ?" ಎಂದ. ಪರಮೇಶಪ್ಪನವರು ಅವನ ಮುಂದೆ ಒಂದು ಗಳಿಗೆ ನಿಂತರು. ಕಣ್ಣೆತ್ತಲಾಗಲಿಲ್ಲ. ಆಮೇಲೆ ತಲೆ ಬಗ್ಗಿಸಿ, ಆ ಗಿಡ್ಡ ಬಾಗಿಲು ದಾಟಿ ಒಳಗೆ ಹೋದರು.

ನಾವು ಬೀದಿಯಲ್ಲೇ ನಿಂತೆವು. ಅಡಿವೆವ್ವನಿಗೆ ಕಿವಿ ಮಂದ. ಅವರು ಒಮ್ಮೆ ಹೇಳಿದ್ದು ಕೇಳಿಸಲಿಲ್ಲ. ಎರಡನೆಯ ಸಲವೂ "ಏನಂದ್ರಿ?" ಎಂದಳು. ಮೂರನೆಯ ಸಲ ಪರಮೇಶಪ್ಪನವರ ದನಿ ಹಂಚುಗಳನ್ನು ದಾಟಿ ಕೇರಿಗೆಲ್ಲ ಕೇಳಿಸಿತು.

"ನಿನ್ನ ಮಗಾ ಕದ್ದಿಲ್ಲವಾ! ನಾ ನೋಡಲಾರದ ಸಹಿ ಹಾಕಿದೆ!"

ಗುತ್ತೆಪ್ಪ ಅರ್ಧ ಹೊಸೆದ ಹಗ್ಗ ಹಿಡಿದು ನಿಂತೇ ಇದ್ದ. ಶಾರವ್ವ ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು.

ಬಹಳ ಹೊತ್ತಿನ ಮೇಲೆ, ಯಾವುದೋ ಆಳದಿಂದ ಬಂದಂತೆ, ಮುದಿ ದನಿಯೊಂದು ಕರೆಯಿತು.

"ಗುತ್ಯಾ... ಎಲ್ಲದಿಯೋ? ಒಳಗ ಬಾ."